ಕೊನೆಯ ಹದಿನಾರು ಪುಟ

ಹೊಸ ಪುಸ್ತಕಗಳಿಗೆ ಒಂದು ಕೆಟ್ಟ ಚಾಳಿ. ಮೇಜಿನ ಮೇಲೆ ತೆರೆದಿಟ್ಟರೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮೊನ್ನೆ ಭಾನುವಾರ ಬೆಳಿಗ್ಗೆ ಅಂಥದೊಂದು ಪುಸ್ತಕದ ಮೇಲೆ ಕನ್ನಡಕದ ಡಬ್ಬಿ, ಮೊಬೈಲು, ಸಕ್ಕರೆ ಡಬ್ಬಿ ಎಲ್ಲ ಹೇರಿ ಸೋತೆ. ಕೊನೆಗೆ ಕಪಾಟಿನ ಮೂಲೆಯಿಂದ ನಮ್ಮ ಆಯಿಯ ಅಡಕೊತ್ತನ್ನು ತೆಗೆದು ಅದರ ಮೇಲಿಟ್ಟೆ. ಪುಸ್ತಕ ತೆಪ್ಪಗಾಯಿತು. ಆಯಿಯ ಎದುರು ತೆಪ್ಪಗಾಗದವರು ಯಾರಿದ್ದರು ಹೇಳಿ! ಆ ಕಬ್ಬಿಣದ ಸಂದಿಯಿಂದ ಇಷ್ಟು ವರ್ಷಗಳ ಮೇಲೂ ಸುಣ್ಣದ, ಹಳೆಯ ಅಡಿಕೆಯ ವಾಸನೆ ಸಣ್ಣಗೆ ಬಂತು.

ಪುಸ್ತಕ ಒಬ್ಬ ಜಪಾನಿ ಕಾದಂಬರಿಕಾರರದು, ಕನ್ನಡಕ್ಕೆ ಬಂದದ್ದು. ಕಲಬುರಗಿಯ ಪುಸ್ತಕ ಮೇಳದಲ್ಲಿ ಕಣ್ಣಿಗೆ ಬಿತ್ತೆಂದು ನಮ್ಮ ಶಾಲೆಯ ವಿಜ್ಞಾನದ ಟೀಚರು ತಂದುಕೊಟ್ಟರು. ನಾನು ಜೇವರ್ಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಪಾಠದಲ್ಲಿ ಇಲ್ಲದ್ದನ್ನು ಸ್ವಂತ ಬುದ್ಧಿಯಿಂದ ಸೇರಿಸಿ ಬರೆದ ಮಕ್ಕಳ ಅಂಕ ಕಡಿಯುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಅಂಥವಳು ಆ ಪುಸ್ತಕವನ್ನು ಹಿಂದಿನಿಂದ ತೆರೆದು, ಕೊನೆಯ ಹದಿನಾರು ಪುಟಗಳನ್ನಷ್ಟೇ ಓದಲು ಕೂತಿದ್ದೆ. ಯಾಕೆ ಎಂದು ಹೇಳಬೇಕಾದರೆ ಹದಿನೈದು ವರ್ಷ ಹಿಂದೆ ಹೋಗಬೇಕು. ಕೂತುಕೊಳ್ಳಿ. ಚಹಾ ಬೇಕಿದ್ದರೆ ನೀವೇ ಮಾಡಿಕೊಳ್ಳಿ. ನಾನು ಮಾಡಿದ ಚಹಾವನ್ನು ಈವರೆಗೆ ಯಾರೂ ಎರಡನೇ ಸಲ ಕೇಳಿಲ್ಲ.

ಆಯಿ ಅಂದರೆ ನಮ್ಮಪ್ಪನ ಅವ್ವ, ಅತನೂರಿನ ನಾಗವ್ವ. ಓದು ಬರಹ ಇಲ್ಲ, ಆದರೆ ಓದುವವರನ್ನು ತಿದ್ದುವ ಅಧಿಕಾರ ತನಗಿದೆ ಎಂದು ನಂಬಿದ್ದಳು. ಚಹಾ ಬಶಿಗೆ ಸುರಿದೇ ಕುಡಿಯಬೇಕು, ಅಡಿಕೆ ತಾನೇ ಕತ್ತರಿಸಬೇಕು. ಅವಳಿಗೆ ಎರಡು ವಿಚಿತ್ರ ಪದ್ಧತಿಗಳಿದ್ದವು. ಒಂದು, ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಬುಟ್ಟಿಗೆ ಹಾಕದೆ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಸಂಜೆಯೊಳಗೆ ಬಾಗಿಲಿಗೆ ಯಾರು ಬಂದರೂ ಅವರಿಗದು. ಯಾರೂ ಬರದಿದ್ದರೆ ಮುರಿದು ಗುಬ್ಬಿಗಳಿಗೆ. ಚಿಕ್ಕವಳಿದ್ದಾಗ ಒಮ್ಮೆ ಅದನ್ನು ತಿಂದು ಬೆನ್ನಿಗೆ ಬಾರಕೋಲಿನಂಥ ಏಟು ತಿಂದಿದ್ದೇನೆ. ಎರಡನೆಯದು, ಅವಳು ಇಜೇರಿಗೆ ಹೋಗುತ್ತಿರಲಿಲ್ಲ. ಅಲ್ಲಿ ನಮ್ಮ ಬೀಗರಿದ್ದರು, ವರ್ಷಕ್ಕೊಂದು ಮದುವೆಯೋ ತೊಟ್ಟಿಲೋ ಇದ್ದೇ ಇರುತ್ತಿತ್ತು. ಕರೆಯಲು ಬಂದವರಿಗೆಲ್ಲ ಒಂದೇ ಉತ್ತರ: “ಇಜೇರಿ ನೀರು ನನಗ ಹಿಡಸಂಗಿಲ್ರೆಪಾ.” ಆ ನೀರನ್ನು ಅವಳು ಒಮ್ಮೆಯೂ ಕುಡಿದಿರಲಿಲ್ಲ ಎನ್ನುವುದು ಬೇರೆ ಮಾತು.

ಈಗ ವಿಹಾರದ ಸುದ್ದಿಗೆ ಬರುತ್ತೇನೆ. ನಮ್ಮ ಓಣಿಯ ಬುದ್ಧ ವಿಹಾರದಲ್ಲಿ ಆಷಾಢ ಹುಣ್ಣಿಮೆಯಿಂದ ಆಶ್ವಿನ ಹುಣ್ಣಿಮೆಯವರೆಗೆ ವರ್ಷಾವಾಸ. ಆ ಮೂರು ತಿಂಗಳು ದಿನಾ ಸಂಜೆ ಧಮ್ಮಗ್ರಂಥ ಓದಬೇಕು. ಕೇಳುವವರು ಬಹುತೇಕ ಹೆಂಗಸರು. ಕಳೆ ತೆಗೆದು ಬಂದು, ಕೈಕಾಲು ತೊಳೆದು, ಬಿಳಿ ಸೀರೆ ಉಟ್ಟು ಕೂಡುತ್ತಿದ್ದರು. ಓದು ಮುಗಿದ ಮೇಲೆ ಎಲ್ಲರೂ ಕೈ ಮುಗಿದು “ಸಾಧು, ಸಾಧು, ಸಾಧು” ಅನ್ನಬೇಕು. ಒಮ್ಮೆ ಹಿಡಿದ ಓದು ಹುಣ್ಣಿಮೆಯವರೆಗೆ ಮುರಿಯಬಾರದು. ಓದುವವರು ನಿವೃತ್ತ ಶಿಕ್ಷಕ ಭೀಮಶಾ ಮಾಸ್ತರರು. ಎರಡು ಪುಟ ಓದಿದರೆ ನಾಲ್ಕು ಪುಟದಷ್ಟು ಅರ್ಥ ಹೇಳುವವರು. ಆ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಸೊಲ್ಲಾಪುರಕ್ಕೆ ಆಪರೇಶನ್ನಿಗೆ ಹೋಗುವಾಗ ಗ್ರಂಥವನ್ನು ನನ್ನ ಕೈಗಿಟ್ಟರು. ಬಿ.ಎ. ಮುಗಿಸಿ, ಬಿ.ಎಡ್. ಸೀಟು ಸಿಗದೆ ನಾನು ಮನೆಯಲ್ಲಿ ಖಾಲಿ ಇದ್ದೆ.

ನಾನು ಪರೀಕ್ಷೆಗೆ ಓದುವ ವೇಗದಲ್ಲಿ ಓದಿದೆ. ಅರ್ಥ ಹೇಳಲು ನನಗೆ ಗೊತ್ತಿದ್ದರಲ್ಲವೆ? ಹುಣ್ಣಿಮೆಗೆ ಇನ್ನೂ ಒಂದು ತಿಂಗಳಿದೆ ಎನ್ನುವಾಗ ಗ್ರಂಥ ಮುಗಿದು ಹೋಯಿತು. ಹೆಂಗಸರು ಮುಖ ಮುಖ ನೋಡಿಕೊಂಡರು. ಹಿಂದಿನ ಗೋಡೆಗೆ ಆತು ಕೂತಿದ್ದ ಆಯಿ ಅಡಕೊತ್ತನ್ನು ಕಟಕ್ಕೆಂದು ಒತ್ತಿ ಹೇಳಿದಳು, “ಹುಚ್ಚುಗಾಡಿ ಹೊಡದಂಗ ಓದಿದಿ. ಈಗ ದಾರಿ ಮುಗೀತು, ದಿನ ಮುಗದಿಲ್ಲ. ಏನ್ ಓದ್ತಿ ಓದು.”

ಇನ್ನೊಂದು ಧಮ್ಮಗ್ರಂಥ ತರಲು ಅಫಜಲಪುರದ ಗ್ರಂಥಾಲಯಕ್ಕೆ ಹೋದೆ. ಆ ಕಪಾಟಿಗೆ ಬೀಗ. ಕೀಲಿ ಇಟ್ಟುಕೊಂಡವರು ರಜೆ. ಬರಿಗೈಲಿ ಬರುವುದು ಬೇಡವೆಂದು ನನಗಾಗಿ ಒಂದು ಕಾದಂಬರಿ ತಂದೆ. ಬೈಂಡು ಸಡಿಲಾದ ಹಳೆಯ ಪ್ರತಿ. ಹಿಂಬದಿಯ ರಟ್ಟಿನ ಒಳಮೈಯಲ್ಲಿ ಬರೆದವರ ಫೋಟೋ: ಬೋಳು ತಲೆ, ಮೈತುಂಬ ಸಡಿಲ ನಿಲುವಂಗಿ, ಅರೆ ಮುಚ್ಚಿದ ಕಣ್ಣು. ಸಂಜೆ ಅದನ್ನು ಆ ರಟ್ಟು ತೆರೆದಂತೆಯೇ ತೊಡೆಯ ಮೇಲಿಟ್ಟುಕೊಂಡು ‘ಪುಸ್ತಕ ಸಿಗಲಿಲ್ಲ’ ಎಂದು ಹೇಳುವಷ್ಟರಲ್ಲಿ ಮುಂದೆ ಕೂತವಳೊಬ್ಬಳು ಫೋಟೋ ಕಂಡು ಕೈ ಮುಗಿದೇಬಿಟ್ಟಳು.

“ಭಂತೇಜಿ! ಯಾವ ದೇಶದವರ ಇವರು?”

“ಜಪಾನ್.”

“ಹಂಗಾದ್ರ ನಮ್ಮವರೇ. ಓದು ಯವ್ವಾ, ಓದು.”

ಭಂತೇಜಿ ಅಂದರೆ ಬೌದ್ಧ ಭಿಕ್ಷು. ಅವರು ಭಿಕ್ಷುವಲ್ಲ, ತಲೆ ಬೋಳಾದದ್ದು ವಯಸ್ಸಿನಿಂದ, ಆ ನಿಲುವಂಗಿ ಜಪಾನಿನಲ್ಲಿ ಮನೆಯಲ್ಲಿ ಹಾಕಿಕೊಳ್ಳುವಂಥದ್ದು ಎಂದು ಹೇಳಲು ಬಾಯಿ ತೆರೆದೆ. ಹಾಗೇ ಮುಚ್ಚಿದೆ. ನನಗೂ ಅದನ್ನು ಓದಬೇಕಾಗಿತ್ತು, ಅಷ್ಟೇ ಸತ್ಯ. ಅವರ ಹೆಸರನ್ನು ನಮ್ಮ ಓಣಿಯಲ್ಲಿ ಯಾರೂ ನೆಟ್ಟಗೆ ಉಚ್ಚರಿಸಲಿಲ್ಲ, ನಾನೂ ಸೇರಿ. ಆದ್ದರಿಂದ ಇಲ್ಲಿಯೂ ಭಂತೇಜಿ ಎಂದೇ ಕರೆಯುತ್ತೇನೆ. ಸಿಟ್ಟಾಗುವ ಮನುಷ್ಯರಲ್ಲ ಅವರು, ಮುಖ ನೋಡಿದರೆ ಗೊತ್ತಾಗುತ್ತದೆ.

ಮೊದಲ ದಿನ ಮುನ್ನುಡಿ ಓದಿದೆ. ಅದರಲ್ಲಿ ಅವರ ಬದುಕಿತ್ತು. ಸಮುದ್ರದ ನೀರು ಕಾಯಿಸಿ ಉಪ್ಪು ಮಾಡುವವರ ಮನೆಯ ಮಗ. ಹತ್ತೊಂಬತ್ತಕ್ಕೆ ಯುದ್ಧಕ್ಕೆ ಹಿಡಿದುಕೊಂಡು ಹೋದರು. ಒಂದು ದ್ವೀಪದ ಕಾಡಿನಲ್ಲಿ ಎರಡು ವರ್ಷ ಅಲೆದು, ಒಂದು ಕಿವಿ ಕಳಕೊಂಡು, ಎಲುಬಿನ ಹಂದರವಾಗಿ ತಿರುಗಿ ಬಂದರು. ಆಮೇಲೆ ಹಗಲೆಲ್ಲ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಬೆಳಗಿನ ಜಾವ ಎದ್ದು ಅದೇ ರದ್ದಿ ಕರಡುಗಳ ಬೆನ್ನಿಗೆ ಕಾದಂಬರಿ. ಒಂಬತ್ತು ಬರೆದರು. ಒಂಬತ್ತೂ ಯುದ್ಧದವೇ, ಆದರೆ ಒಂದರಲ್ಲೂ ಬಂದೂಕು ಹಾರುವುದಿಲ್ಲ. ಅವರ ಯುದ್ಧ ಅಂದರೆ ನಡೆಯುವುದು, ನೆನೆಯುವುದು, ಹಸಿಯುವುದು, ಪಕ್ಕದವನ ಚೀಲದಲ್ಲಿ ತಿನ್ನಲು ಏನಿದೆ ಎಂದು ಯೋಚಿಸುವುದು. ಬರೆದದ್ದನ್ನು ಹೆಂಡತಿ ಕಾಯಿಪಲ್ಯ ಹೆಚ್ಚುವಾಗ ಎದುರು ಕೂತು ಓದಿ ಹೇಳುತ್ತಿದ್ದರಂತೆ. ಅವಳ ಚಾಕು ಎಲ್ಲಿ ನಿಂತಿತೋ ಆ ಪುಟ ಸರಿಯಾಗಿದೆ ಎಂದು ಅರ್ಥ. ನಿಲ್ಲದೆ ಹೆಚ್ಚುತ್ತಲೇ ಇದ್ದರೆ ಹರಿದು ಹಾಕುತ್ತಿದ್ದರು.

“ಭಂತೇಜಿಗೆ ಹೇಣ್ತಿ ಇದ್ಳೇನು?” ಎಂದು ಒಬ್ಬಳು ಕೇಳಿದಳು.

“ಜಪಾನದಾಗ ನಡೀತದ,” ಎಂದೆ ಧೈರ್ಯ ಮಾಡಿ. ಅಲ್ಲಿಯ ಭಿಕ್ಷುಗಳು ಮದುವೆಯಾಗುವುದುಂಟೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಹೇಳಿದ ಸುಳ್ಳು ತಾನಾಗಿ ನಿಜವಾದದ್ದು ನನ್ನ ಬದುಕಿನಲ್ಲಿ ಅದೊಂದೇ.

ಕಾದಂಬರಿಯಲ್ಲಿ ಇಬ್ಬರು ಸಿಪಾಯಿಗಳು, ಬಾಲ್ಯದ ಗೆಳೆಯರು. ಹೆಂಗಸರಿಗೆ ಎರಡೇ ದಿನದಲ್ಲಿ ಅವರು ಓಣಿಯ ಹುಡುಗರಾಗಿಬಿಟ್ಟರು. “ಬೂಟು ಬಿಚ್ಚಬ್ಯಾಡೋ ಹುಚ್ಚಾ, ಮತ್ತ ಕಾಲ್ ಬಾಯ್ತಾವ” ಎಂದು ಆಯಿ ಪುಸ್ತಕದೊಳಗಿನವನಿಗೆ ಬಯ್ಯುತ್ತಿದ್ದಳು. ಕಾಡಿನಲ್ಲಿ ಒಬ್ಬನಿಗೆ ಜ್ವರ ಬಂತು. ಯಾರೋ ದಯವಂತರು ಜ್ವರದವನಿಗೆಂದು ಒಂದು ಹಿಡಿ ಅನ್ನ ಕೊಟ್ಟರು. ಕಾಲುಚೀಲದಲ್ಲಿ ಕಟ್ಟಿ ಅದನ್ನು ತರುತ್ತಿದ್ದ ಗೆಳೆಯ ದಾರಿಯಲ್ಲಿ ತಾನೇ ತಿಂದುಬಿಟ್ಟ. ಜ್ವರದವನು ಮರುದಿನ ಸತ್ತ. ಇದನ್ನು ಓದಿದ ಸಂಜೆ ಹಿಂದಿನ ಗೋಡೆಯಿಂದ ದಿನಾ ಬರುವ ಕಟಕಟ ಬರಲಿಲ್ಲ. ಆಯಿಗೆ ಅಡಿಕೆ ಮುಗಿದಿರಬೇಕು ಎಂದುಕೊಂಡೆ. ಅಷ್ಟು ಜಾಣೆ ನಾನು.

ಅಷ್ಟರಲ್ಲಿ ಮಾಸ್ತರರು ಕರಿ ಕನ್ನಡಕ ಹಾಕಿಕೊಂಡು ಊರಿಗೆ ಬಂದರು. ಬಂದ ಸಂಜೆಯೇ ವಿಹಾರಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಆ ದಿನದ ಪಾಲಿಗೆ ಬಂದದ್ದು, ಊರಿಗೆ ಮರಳಿದ ಸಿಪಾಯಿ ಕುಡಿದು ಬಂದರಿನ ಕಟ್ಟೆಯ ಮೇಲೆ ನಿಂತು ರಾಜನಿಂದ ಹಿಡಿದು ಸಮುದ್ರದವರೆಗೆ ಎಲ್ಲರನ್ನೂ ಬಯ್ಯುವ ಭಾಗ. ನಾನು ಓದಿ ನಿಲ್ಲಿಸಿದೆ. ಹೆಂಗಸರು ಭಕ್ತಿಯಿಂದ ಕೈ ಮುಗಿದು “ಸಾಧು, ಸಾಧು, ಸಾಧು” ಎಂದರು.

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. “ಯವ್ವಾ, ಇದು ಬುದ್ಧರು ಯಾವ ಊರಾಗ ಮಾಡಿದ ಉಪದೇಶ?”

“ಕಾದಂಬರಿ ರೀ ಸರ್,” ಎಂದೆ, ನೆಲ ನೋಡುತ್ತಾ.

ಮಾಸ್ತರರ ಎದುರು ಎಂದೂ ಬಾಯಿ ತೆರೆಯದ ಆಯಿ ಹಿಂದಿನಿಂದ ಎದ್ದು ಬಂದಳು. “ತಪ್ಪು ಹುಡುಗೀದು, ನಾ ಅಲ್ಲ ಅನ್ನಂಗಿಲ್ರಿ. ಖರೆ ಆ ಸಿಪಾಯಿ ಸತ್ತವನ ಅವ್ವನ ಮುಂದ ಹೋಗಿ ನಿಂತನೋ ಇಲ್ಲೋ, ಹೇಳಿದನೋ ಇಲ್ಲೋ, ಅದೊಂದು ನನಗ ಗೊತ್ತಾಗಬೇಕು ನೋಡ್ರಿ. ಆಮ್ಯಾಲ ಬೇಕಾದ್ರ ಬಂದ್ ಮಾಡ್ರಿ.”

ಮಾಸ್ತರರು ಕರಿ ಕನ್ನಡಕದೊಳಗಿಂದ ಅವಳನ್ನು ನೋಡಿದರು. “ದುಃಖ ಅದ ಅನ್ನೋದೇ ಬುದ್ಧರು ಹೇಳಿದ ಮೊದಲನೇ ಮಾತು, ನಾಗವ್ವ. ಓದ್ಲಿ ಬಿಡು,” ಎಂದು ಎದ್ದವರು, ಬಾಗಿಲಲ್ಲಿ ತಿರುಗಿ, “ಬೈಗುಳ ಬಂದಲ್ಲಿ ಮಾತ್ರ ಸಾಧು ಅನಬ್ಯಾಡ್ರಿ,” ಎಂದರು.

ಹುಣ್ಣಿಮೆಯ ಸಂಜೆ ಬಂತು. ಸಿಪಾಯಿ ಕೊನೆಗೂ ಗುಡ್ಡ ಹತ್ತಿ ಸತ್ತ ಗೆಳೆಯನ ಮನೆಯ ಬಾಗಿಲು ಬಡಿದ. ಆ ತಾಯಿ ಬಾಗಿಲು ತೆರೆದಳು. ಇವನು ಯಾರೆಂದು ಗುರುತು ಹಿಡಿದಳು. ಏನೋ ಕೇಳಲು ತುಟಿ ತೆರೆದಳು. ನಾನು ಪುಟ ತಿರುವಿದೆ. ಹಿಂಬದಿಯ ರಟ್ಟು ಬಂತು. ಭಂತೇಜಿಯ ಅರೆ ಮುಚ್ಚಿದ ಕಣ್ಣು ನನ್ನನ್ನೇ ನೋಡುತ್ತಿದ್ದವು. ಕೊನೆಯ ಹದಿನಾರು ಪುಟ ಯಾವಾಗಲೋ ಕಳಚಿ ಬಿದ್ದುಹೋಗಿದ್ದವು.

ತಲೆ ಎತ್ತಿದೆ. ಇಪ್ಪತ್ತು ಹೆಂಗಸರು ಉಸಿರು ಹಿಡಿದು ಕೂತಿದ್ದಾರೆ. ಹಿಂದೆ ಆಯಿ ಎರಡೂ ಕೈಯಲ್ಲಿ ಅಡಕೊತ್ತು ಹಿಡಿದು ಮುಂದಕ್ಕೆ ಬಾಗಿದ್ದಾಳೆ. ‘ಪುಟ ಇಲ್ಲ’ ಎಂದು ಹೇಳುವ ಎದೆ ನನಗಿರಲಿಲ್ಲ. ರಟ್ಟಿನ ಮೇಲೆ ಕಣ್ಣಾಡಿಸುತ್ತ ಓದತೊಡಗಿದೆ. ಸಿಪಾಯಿ ತಾಯಿಯ ಕಾಲಿಗೆ ಬಿದ್ದ. ಎಲ್ಲ ಹೇಳಿದ. ತಾಯಿ ಅವನ ತಲೆಯ ಮೇಲೆ ಕೈಯಿಟ್ಟು, “ಬಾ ಯಪ್ಪಾ, ಕೈಕಾಲ ತೊಳಕೋ. ಅವನ ಪಾಲಿನ ತುತ್ತು ತಿಂದಿ, ಅವನ ಪಾಲಿನ ಆಯುಷ್ಯನೂ ನೀನೇ ಉಣ್ಣು. ಖಾಲಿ ಹೊಟ್ಟೀಲೆ ಹೋಗಬ್ಯಾಡ,” ಎಂದಳು. ಬಿಸಿ ರೊಟ್ಟಿ ಬಡಿಸಿದಳು ಎನ್ನಲಿದ್ದವಳು ಸಮಯಕ್ಕೆ ಸರಿಯಾಗಿ ಅನ್ನ ಎಂದು ತಿದ್ದಿಕೊಂಡೆ. ಎಲ್ಲರೂ ಅತ್ತರು. ಸಾಧು ಎಂದರು. ನನಗೂ ಅಳು ಬಂತು, ಹೆಮ್ಮೆಯಿಂದ.

ಮರುದಿನ ಬೆಳಿಗ್ಗೆ ಆಯಿ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. “ಏಳು ಬೇ. ಇಜೇರಿಗೆ ಹೋಗಿ ಬರೋಣು.”

ಎರಡು ಬಸ್ಸು ಬದಲಿಸಬೇಕಿತ್ತು. ಘತ್ತರಗಿಗೆ ಬಂದಾಗ ಭಾಗ್ಯವಂತಿಯ ಗುಡಿಗೆ ಹೋಗುವವರು ಇಳಿದರು, ಬಸ್ಸು ಅರ್ಧ ಖಾಲಿಯಾಯಿತು. ಭೀಮೆಯ ಸೇತುವೆ ಹತ್ತುವಾಗ ಆಯಿ ಕಿಟಕಿಯಾಚೆ ಕೈ ತೋರಿಸಿದಳು. “ಅಗೋ, ಆ ಜಾಲಿ ಕಂಟಿ ಅದಾವಲ್ಲ, ಅಲ್ಲೇ.” ಆಮೇಲೆ ಎಪ್ಪತ್ತು ದಾಟಿದ ನನ್ನ ಆಯಿ, ಅಪ್ಪನಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು, ಇಂಜಿನ್ನಿನ ಸದ್ದಿಗೆ ಮೇಲಾಗಿ ಒದರಿ ಒದರಿ ನನಗೆ ಹೇಳಿದಳು. ಕಂಡಕ್ಟರನೂ ಕೇಳಿಸಿಕೊಂಡ. ಚಿಲ್ಲರೆ ಕೊಡುವುದು ಮರೆತು ನಮ್ಮ ಹಿಂದಿನ ಸೀಟಿನಲ್ಲಿ ಕೂತುಬಿಟ್ಟ.

ರಜಾಕಾರರ ಗದ್ದಲದ ಮಳೆಗಾಲ. ನಿಜಾಮನ ಸೀಮೆ ಬಿಟ್ಟು ಆಚೆ ದಂಡೆ ಸೇರಬೇಕೆಂದು ಕೇರಿಯ ಜನ ಓಡಿಬಂದು, ತುಂಬಿದ ಹೊಳೆಯ ಈಚೆ ಜಾಲಿಯ ಕಂಟಿಯಲ್ಲಿ ಎರಡು ದಿನ ಅಡಗಿದ್ದರು. ಆಯಿಗೆ ಹತ್ತು ವರ್ಷ. ಪಕ್ಕದ ಮನೆಯ ಲಚ್ಚಿ ಅವಳ ವಾರಿಗೆಯವಳು, ಜೀವದ ಗೆಳತಿ. ಲಚ್ಚಿಗೆ ಜ್ವರ. ಅವಳ ಅವ್ವ ಎಳೆಗೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಹರಗೋಲು ಹುಡುಕಲು ಹೋಗುವಾಗ, ಉಳಿದಿದ್ದ ಒಂದೇ ರೊಟ್ಟಿಯನ್ನು ಆಯಿಯ ಕೈಗಿಟ್ಟು, “ನೆನಸಿ ಲಚ್ಚಿಗಿ ಉಣಸವ್ವ,” ಎಂದಿದ್ದಳು. ಆಯಿ ತಾನೇ ತಿಂದಳು. ತಿರುಗಿ ಬಂದ ತಾಯಿ ಕೇಳಿದಾಗ, “ಉಂಡಾಳ,” ಎಂದಳು. ಆಚೆ ದಂಡೆ ಮುಟ್ಟಿದ ಮೇಲೆ ಲಚ್ಚಿ ತೀರಿಕೊಂಡಳು.

“ಜ್ವರದಿಂದ ಹೋದ್ಳು ಆಯಿ, ನಿನ್ನ ರೊಟ್ಟಿಯಿಂದ ಅಲ್ಲ,” ಎಂದೆ.

“ಅದು ಡಾಕ್ಟರ್ ಮಾತು. ನನ್ನ ಬಾಯಾಗಿನ ರುಚಿಗಿ ಏನ್ ಹೇಳ್ತಿ?” ಎಂದಳು.

ಆ ಎಳೆಗೂಸೇ ಕಾಶೀಬಾಯಿ, ಆಚೆ ದಂಡೆಯಲ್ಲೇ ಬೆಳೆದವಳು. ಇಜೇರಿಗೆ ಕೊಟ್ಟಿದ್ದರು. ತಾಯಿ ಸತ್ತು ಎಷ್ಟೋ ಕಾಲವಾಗಿತ್ತು. ಹೇಳಿಕೊಳ್ಳಲು ಉಳಿದವಳು ಅವಳೊಬ್ಬಳೇ. ನಾವು ಹೋದಾಗ ಅಂಗಳದಲ್ಲಿ ಹೆಸರು ಕೇರುತ್ತಿದ್ದಳು. ಆಯಿ ತನ್ನ ಹೆಸರು, ಊರು ಹೇಳಿದ್ದೇ ತಡ, ಮೊರ ಪಕ್ಕಕ್ಕಿಟ್ಟು ಎದ್ದು ಬಂದು ಆಯಿಯ ಕಾಲು ಹಿಡಿದಳು.

“ನಾಗಕ್ಕನೇನು ನೀನು? ನಮ್ಮವ್ವ ಸಾಯೂ ಮಟಾ ನಿನ್ನ ಹೆಸರ ತಗೀತಿದ್ಳು. ‘ನನ್ನ ಲಚ್ಚಿ ಹಸಗೊಂಡು ಹೋಗಲಿಲ್ಲ, ನಾಗಿ ಉಣಿಸಿ ಕಳಿಸ್ಯಾಳ’ ಅಂತಿದ್ಳು. ಅದೊಂದು ಮಾತಿನ ಮ್ಯಾಲೆ ಜೀವ ಹಿಡದಾಳ ನೋಡಕ್ಕ ಆಕಿ.”

ಆಯಿ ಬಾಯಿ ತೆರೆದಳು. ನಾನು ಮನಸ್ಸಿನಲ್ಲೇ ‘ಹೇಳು ಆಯಿ, ಹೇಳು’ ಎನ್ನುತ್ತಿದ್ದೆ. ಅವಳು ಬಗ್ಗಿ ಕಾಶೀಬಾಯಿಯ ಭುಜ ಹಿಡಿದು ಎಬ್ಬಿಸಿ, “ಹೂಂ ತಂಗಿ. ಉಂಡ್ಳು. ಹೊಟ್ಟಿ ತುಂಬ ಉಂಡ್ಳು,” ಎಂದಳು. ಕಾಶೀಬಾಯಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಆಯಿ ಒಂದು ತುಣುಕೂ ಬಿಡದೆ ತಿಂದಳು. ಕೊನೆಗೆ ಒಂದು ತಂಬಿಗೆ ಇಜೇರಿ ನೀರು ಕುಡಿದಳು.

ಬಸ್ ನಿಲ್ದಾಣದಲ್ಲಿ ನನಗೆ ತಡೆಯಲಾಗಲಿಲ್ಲ. “ಹೇಳಲೇ ಇಲ್ಲಲ್ಲ ಆಯಿ! ಅಷ್ಟು ದೂರದಿಂದ ಬಂದು?”

“ಒಮ್ಮೆ ಆ ಮನಿ ರೊಟ್ಟಿ ಕಸಗೊಂಡು ತಿಂದೇನಿ. ಮತ್ತೊಮ್ಮೆ ಹೆಂಗ ಕಸಗೊಳ್ಳಲಿ ಯವ್ವಾ?” ಎಂದಳು. ಬಸ್ಸಿನ ದಾರಿ ನೋಡುತ್ತ, “ನಿನ್ನ ಸಿಪಾಯಿ ಶಾಣ್ಯಾ ಇದ್ದಿಲ್ಲ ಬಿಡು. ತನ್ನ ಭಾರ ಇಳಿಸ್ಕೊಂಡು ಆ ಮುದುಕಿ ಮ್ಯಾಲ ಹೊರಿಸಿ ಬಂದ,” ಎಂದಳು.

ನನಗೆ ಮುಖಕ್ಕೆ ಹೊಡೆದಂತಾಯಿತು. ಅಷ್ಟು ಚೆಂದ ಕಟ್ಟಿದ ಕೊನೆಯನ್ನು ಹೀಗೆ ತಳ್ಳಿಹಾಕುವುದೆ? ಎಷ್ಟೋ ದಿನ ಒಳಗೇ ಮುನಿದಿದ್ದೆ. ಆ ಕೊನೆ ನನ್ನದೇ ಎಂದು ಅವಳಿಗೆ ಹೇಳಲಿಲ್ಲ. ಮೊದಲು ಹೆದರಿಕೆ, ಆಮೇಲೆ ನಾಚಿಕೆ. ಆಯಿ ಮೊದಲ ರೊಟ್ಟಿಯನ್ನು ಗೂಡಿನಲ್ಲಿ ಇಡುವುದು ಬಿಡಲಿಲ್ಲ. ಆದರೆ ವರ್ಷಕ್ಕೆರಡು ಸಲ ಇಜೇರಿಗೆ ಹೋಗಿ ಬರತೊಡಗಿದಳು, ಬರುವಾಗ ಹೆಸರಿನ ಗಂಟು ಹೊತ್ತು. ಅವಳು ತೀರಿಕೊಂಡಾಗ ಕಾಶೀಬಾಯಿ ಬಂದು, “ನಮ್ಮಕ್ಕಗ ಕಡೀ ತುತ್ತು ಉಣಿಸಿದಾಕಿ,” ಎಂದು ಎಲ್ಲರೆದುರು ಎದೆ ಬಡಿದುಕೊಂಡು ಅತ್ತಳು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ಈಗ ಕಾಶೀಬಾಯಿಯೂ ಇಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಮೊನ್ನೆ ಭಾನುವಾರ, ಟೀಚರು ತಂದ ಹೊಸ ಪ್ರತಿಯಲ್ಲಿ, ಆ ಹದಿನಾರು ಪುಟಗಳನ್ನು ಓದಿದೆ. ಗಟ್ಟಿಯಾಗಿಯೇ ಓದಿದೆ, ವಿಹಾರದಲ್ಲಿ ಓದುತ್ತಿದ್ದ ಹಾಗೆ. ಆ ತಾಯಿ ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು: ಕೊನೆಗೆ ನನ್ನ ಮಗ ಏನಾದರೂ ಉಂಡನೆ? ಸಿಪಾಯಿ ಹೇಳುತ್ತಾನೆ: ಉಂಡ ತಾಯಿ, ಹೊಟ್ಟೆ ತುಂಬ ಉಂಡ. ಅಷ್ಟೇ. ಮುಂದಿನ ಹದಿನೈದು ಪುಟವೂ ಅವನು ಗುಡ್ಡ ಇಳಿಯುವುದು, ಮಳೆ ಹನಿಯುವುದು, ಒಂದು ನಾಯಿ ಸ್ವಲ್ಪ ದೂರ ಜೊತೆಗೆ ಬಂದು ಹಿಂದಿರುಗುವುದು. ಭಂತೇಜಿ ನಿಜವಾಗಿಯೂ ಅಂಥದೊಂದು ಬಾಗಿಲಿಗೆ ಹೋಗಿದ್ದರೋ ಇಲ್ಲವೋ ಪುಸ್ತಕದಲ್ಲಿ ಇಲ್ಲ. ಹೋಗದೆ ಬರೆಯಲಾರರು ಎಂದು ನನಗೆ ಅನಿಸುತ್ತದೆ. ರದ್ದಿ ಕಾಗದದ ಬೆನ್ನಿಗೆ ಇದನ್ನು ಬರೆದು, ಹೆಂಡತಿಯ ಎದುರು ಓದಿದ ದಿನ ಆ ಮನೆಯಲ್ಲಿ ಪಲ್ಯವೇ ಆಗಿರಲಿಕ್ಕಿಲ್ಲ.

ಆಯಿ, ನಿನ್ನ ಹತ್ತಿರ ಈಗಲಾದರೂ ಒಪ್ಪಿಕೊಳ್ಳುತ್ತೇನೆ. ಸಿಪಾಯಿ ಶಾಣ್ಯಾನೇ ಇದ್ದ. ದಡ್ಡಿ ನಾನು. ನೀನು ಇಜೇರಿಯ ಅಂಗಳದಲ್ಲಿ ನಿಂತು ಹೇಳಿದ ಮಾತನ್ನು ನಿನಗಿಂತ ಎಷ್ಟೋ ಮುಂಚೆ ಒಬ್ಬ ಉಪ್ಪಿನವರ ಮಗ ಬರೆದಿಟ್ಟಿದ್ದ. ನಿನಗೆ ಯಾರೂ ಓದಿ ಹೇಳಿರಲಿಲ್ಲ.

ಓದು ಮುಗಿದ ಮೇಲೂ ನನ್ನ ಕಿವಿ ಹಿಂದಿನ ಗೋಡೆಯ ಕಡೆಗೇ ಇತ್ತು. ಅಡಕೊತ್ತು ಪುಟದ ಮೇಲೆ ತೆಪ್ಪಗೆ ಕೂತಿತ್ತು, ಸದ್ದಿರಲಿಲ್ಲ. ಪುಟ ಸರಿಯಾಗಿದೆ ಎಂದು ಅರ್ಥ.